ಜೋಳದ ಹಿಟ್ಟಿನ ಡಬ್ಬಿಯಲ್ಲಿದ್ದ ಕೊನೆಯ ಅಧ್ಯಾಯ

ಕಬ್ಬಿಣದ ತೂಕದ ಕಲ್ಲು ನೆಲಕ್ಕೆ ಬೀಳುವ ಸದ್ದು ಎಲ್ಲಿ ಕೇಳಿದರೂ ನನ್ನ ಎಡಗೈ ತಾನಾಗಿಯೇ ಬಲಗೈಯ ಮಣಿಕಟ್ಟನ್ನು ಹಿಡಿದುಕೊಳ್ಳುತ್ತದೆ. ಕಿರಾಣಿ ಅಂಗಡಿಯಲ್ಲಿ ಹಾಗೆ ಆಗಿದೆ, ತರಕಾರಿ ಸಂತೆಯಲ್ಲಿ ಆಗಿದೆ, ಒಮ್ಮೆ ಕಲ್ಯಾಣದ ಸ್ಟೇಷನ್ನಿನಲ್ಲಿ ಪಾರ್ಸೆಲ್ ತೂಗುವ ಕಡೆ ಆಯಿತು. ಪಕ್ಕದಲ್ಲಿದ್ದವರು ಕೈ ನೋಯುತ್ತಿದೆಯೇ ಎಂದು ಕೇಳುತ್ತಾರೆ. ನನ್ನ ಕೈಗೆ ಏನೂ ಆಗಿಲ್ಲ. ಆದದ್ದು ಇನ್ನೊಬ್ಬನ ಕೈಗೆ, ಒಂದು ಮೇ ತಿಂಗಳ ಭಾನುವಾರ, ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಅಂಗಳದಲ್ಲಿ. ಮಾಡಿದವರು ನಮ್ಮವರೇ, ಓದಿದವರೇ. ಅವರು ಏನು ಓದುತ್ತಿದ್ದರು ಎನ್ನುವುದನ್ನೂ ಹೇಳಬೇಕು, ಯಾಕೆಂದರೆ ಕೆಡುಕು ಹೊಕ್ಕದ್ದು ಅಲ್ಲಿಂದಲೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಕೊನೆಯ ವರ್ಷದ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ನಮ್ಮದು ಎರಡು ಮಹಡಿಯ ಕಟ್ಟಡ. ಪ್ರತಿ ಮಹಡಿಗೂ ಉದ್ದಕ್ಕೆ ಒಂದು ಗ್ಯಾಲರಿ, ಗ್ಯಾಲರಿಗೆ ತೆರೆದುಕೊಳ್ಳುವ ಎರಡೆರಡು ಕೋಣೆಯ ಮನೆಗಳು, ಕೆಳಗೆ ನಲ್ಲಿ ಇರುವ ಅಂಗಳ. ಕೆಳಗಿನ ಮನೆಗಳು ಮರಾಠಿಯವರವು. ಮೊದಲ ಮಹಡಿ ಪೂರ್ತಿ ಕನ್ನಡದವರದ್ದು. ಮೇ ತಿಂಗಳು ಬಂದರೆ ಆ ಮಹಡಿ ಗಂಡಸರ ಬಿಡಾರವಾಗಿಬಿಡುತ್ತಿತ್ತು. ಶಾಲೆಗೆ ರಜೆ ಬಿದ್ದ ಕೂಡಲೇ ಹೆಂಗಸರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಡುತ್ತಿದ್ದರು. ಉಡುಪಿ ಕಡೆಯವರು ಬಸ್ಸಿನಲ್ಲಿ, ನಮ್ಮ ಧಾರವಾಡ ಕಡೆಯವರು ರೈಲಿನಲ್ಲಿ. ಹಿಂದೆ ಉಳಿದ ಗಂಡಸರು ಸ್ಟವ್ ಹೊತ್ತಿಸಲು ಕಲಿಯುತ್ತ, ಬನಿಯನ್ನಿನಲ್ಲಿ ಗ್ಯಾಲರಿಯ ತುಂಬ ಓಡಾಡುತ್ತ, ಹಳೆಯ ಪತ್ತೇದಾರಿ ಕಾದಂಬರಿಗಳನ್ನು ಓದುತ್ತ ಜೂನ್ ತನಕ ದಿನ ತಳ್ಳುತ್ತಿದ್ದರು. ಆ ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ, ನನ್ನ ಪರೀಕ್ಷೆಯೂ ತಡವಾಗಿ ಮುಗಿಯಿತು. ಹೀಗಾಗಿ ಅವ್ವ, ನಾನು ಇಲ್ಲಿಯೇ ಉಳಿದೆವು. ಇಡೀ ಮಹಡಿಗೆ ಹೆಂಗಸರೆಂದರೆ ನಾವಿಬ್ಬರೇ.

ಆ ಕಾದಂಬರಿಗಳನ್ನು ತರುತ್ತಿದ್ದವನು ರದ್ದಿಯವನು. ಠಾಣೆಯ ಕೋಪರಿಯಲ್ಲಿ ಅವನ ಮನೆ. ಮುಲುಂಡ್, ಠಾಣೆಯ ಕನ್ನಡ ಮನೆಗಳಲ್ಲಿ, ಉಡುಪಿ ಹೋಟೆಲುಗಳ ಅಟ್ಟದಲ್ಲಿ ಹಳೆಯ ಕಾಗದ ಎತ್ತುವಾಗ ಸಿಕ್ಕ ಕನ್ನಡ ಪುಸ್ತಕಗಳನ್ನು ಬೇರೆ ಚೀಲಕ್ಕೆ ಹಾಕಿಕೊಂಡು, ವಾರಕ್ಕೊಮ್ಮೆ ಲೋಕಲ್ ಹತ್ತಿ ನಮ್ಮ ಕಟ್ಟಡಕ್ಕೆ ಬರುತ್ತಿದ್ದ. ಕನ್ನಡ ಅವನಿಗೆ ಒಂದಕ್ಷರ ಬಾರದು. ಹೊದಿಕೆಯ ಚಿತ್ರ ನೋಡಿ ವಿಂಗಡಿಸುತ್ತಿದ್ದ. ಕೆಳಗೆ ನಿಂತೇ ಕೂಗುತ್ತಿದ್ದ: "ಆಜ್ ಪಿಸ್ತೂಲ್‌ವಾಲಾ ಹೈ, ಛುರೀವಾಲಾ ಹೈ. ಏಕ್ ಮೇ ಔರತ್ ಭೀ ಹೈ, ಪರ್ ವೋ ಪಹಲೇ ಪೇಜ್ ಪೇ ಹೀ ಮರ್ ಜಾತೀ ಹೋಗೀ." ಪಿಸ್ತೂಲಿನದಿದೆ, ಚೂರಿಯದಿದೆ, ಒಂದರಲ್ಲಿ ಹೆಂಗಸೂ ಇದ್ದಾಳೆ, ಆದರೆ ಮೊದಲ ಪುಟದಲ್ಲೇ ಸಾಯುತ್ತಾಳೇನೋ ಎಂದು. ಗ್ಯಾಲರಿಯ ಗಂಡಸರು ನಗುತ್ತಿದ್ದರು. ಮೇಲೆ ಬಂದರೆ ಅವ್ವ ಅವನಿಗೆ ಮಜ್ಜಿಗೆ ಕೊಡುತ್ತಿದ್ದಳು. ಅವನು ತಕ್ಕಡಿಯನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಎಡಗೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು, ಒಂದು ಹನಿ ಚೆಲ್ಲದಂತೆ ತೂಗುತ್ತಿದ್ದ. ಮಹಡಿಯಲ್ಲಿ ಅವನ ಮೇಲೆ ಯಾರಿಗೂ ಯಾವ ದೂರೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅವನ ವಿರುದ್ಧ ಎತ್ತಿದ ಸಾಕ್ಷಿ ಇದೊಂದೇ.

ಪುಸ್ತಕಗಳ ಸುತ್ತ ಒಂದು ಆಟವಿತ್ತು. ಶುರುಮಾಡಿದವರು ನಮ್ಮ ಮಹಡಿಯ ಮೂರನೇ ಮನೆಯ ಬ್ಯಾಂಕಿನವರು. ಬೆಂಗಳೂರಿನವರು, ಮುಂಬಯಿಯ ಫೋರ್ಟ್ ಕಡೆ ಒಂದು ಬ್ಯಾಂಕಿನಲ್ಲಿ ಕೆಲಸ. ಪುಸ್ತಕ ಒಂದೇ, ಓದುವವರು ಏಳೆಂಟು ಜನ. ಬಂದ ದಿನವೇ ಅವರು ಬ್ಲೇಡಿನಿಂದ ಕೊನೆಯ ಅಧ್ಯಾಯವನ್ನು ನಾಜೂಕಾಗಿ ಕೊಯ್ದು ತೆಗೆದು ಅವ್ವನ ಕೈಗೆ ಕೊಡುತ್ತಿದ್ದರು. ಅವ್ವನಿಗೆ ಕೊಲೆಯ ಕಥೆ ಬೇಡ, ಆದ್ದರಿಂದ ಅವಳ ಮೇಲೆ ಎಲ್ಲರಿಗೂ ನಂಬಿಕೆ. ಅವಳು ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದಳು. ಕೊನೆಯಿಲ್ಲದ ಪುಸ್ತಕ ವಾರವಿಡೀ ಲೋಕಲ್ಲಿನಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಭಾನುವಾರ ಬೆಳಿಗ್ಗೆ ಚಹಾ ಕುಡಿದು ಎಲ್ಲರೂ ಗ್ಯಾಲರಿಯಲ್ಲಿ ಚಾಪೆ ಹಾಕಿ ಕೂತು, ಕೊಲೆಗಾರ ಯಾರು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಎಲ್ಲರದೂ ಆದ ಮೇಲೆ ಅವ್ವ ಹಾಳೆಗಳ ಹಿಟ್ಟು ಕೊಡವಿ ನನಗೆ ಕೊಡುವಳು. ನಾನು ಗಟ್ಟಿಯಾಗಿ ಓದುವೆ. ಗೆದ್ದವನಿಗೆ ಉಳಿದವರು ಕೆಳಗಿನ ಗಾಡಿಯಿಂದ ಬಟಾಟೆವಡೆ ತರಿಸಿಕೊಡಬೇಕು.

ಸುಳ್ಳೇಕೆ, ಆ ಭಾನುವಾರಗಳು ನನಗೆ ಇಷ್ಟವಾಗಿದ್ದವು. ಕಾಲೇಜಿನಲ್ಲಿ ಮರಾಠಿ ಹುಡುಗಿಯರ ನಡುವೆ ಬಾಯಿಗೆ ಬಾರದ ಕನ್ನಡ ಅಲ್ಲಿ ನನ್ನ ಬಾಯಿಂದ ಸರಾಗವಾಗಿ ಬರುತ್ತಿತ್ತು, ಅಷ್ಟು ಜನ ಉಸಿರು ಹಿಡಿದು ಕೇಳುತ್ತಿದ್ದರು.

ಹೆಚ್ಚಾಗಿ ಗೆಲ್ಲುತ್ತಿದ್ದವರು ಬ್ಯಾಂಕಿನವರು. ಅವರದೊಂದು ಸೂತ್ರವಿತ್ತು. ಅದನ್ನು ಪಾಠದಂತೆ ಹೇಳುತ್ತಿದ್ದರು: "ನೋಡಿ ಸ್ವಾಮಿ, ಯಾರ ಮೇಲೆ ಎಲ್ಲರಿಗೂ ಅನುಮಾನ ಬರುತ್ತೋ ಅವನನ್ನ ಮೊದಲು ಬಿಟ್ಬಿಡಿ. ಯಾರು ಮನೆಗೆ ಬಂದು ಹೋಗಿ ಮಾಡ್ತಾನೆ, ಎಲ್ಲರಿಗೂ ಬೇಕಾದವನು, ಯಾರ ಕಣ್ಣಿಗೂ ಬೀಳಲ್ಲ, ಅವನನ್ನ ಹಿಡ್ಕೊಳ್ಳಿ. ಅವನೇ." ಕಾದಂಬರಿಗಳಲ್ಲಿ ಅದು ನಿಜವೂ ಆಗುತ್ತಿತ್ತು. ಮಾಲಿ, ಮನೆಯ ಡಾಕ್ಟರು, ವಕೀಲರ ಗುಮಾಸ್ತ, ಹಾಲಿನವನು. ಬರೆಯುವವನಿಗೆ ಓದುಗನನ್ನು ಬೆರಗುಗೊಳಿಸಬೇಕು, ಅದಕ್ಕೆ ಹಾಗೆ ಬರೆಯುತ್ತಾನೆ. ಇಷ್ಟು ಸಣ್ಣ ವಿಷಯ ಆ ಡಿಗ್ರಿ ಮಾಡಿದ ತಲೆಗೆ ಹೊಳೆಯಲಿಲ್ಲ.

ಮೇ ಮಧ್ಯದ ಒಂದು ಬುಧವಾರ ಸಂಜೆ ನಮ್ಮ ಪಕ್ಕದ ಮನೆಯ ಹೋಟೆಲಿನ ಮಾಮ ಗ್ಯಾಲರಿಯಲ್ಲಿ ನಿಂತು ಕೂಗಿಕೊಂಡರು. ಅವರು ಉಡುಪಿ ಕಡೆಯವರು, ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಹೆಂಡತಿ ಮಕ್ಕಳು ಊರಿಗೆ ಹೋದ ಮೇಲೆ ಹೋಟೆಲಿನಲ್ಲಿಯೇ ಮಲಗುತ್ತಿದ್ದರು. ಬಟ್ಟೆ ಬದಲಿಸಲು ವಾರದಲ್ಲಿ ಒಂದೆರಡು ಸಲ ಮನೆಗೆ ಬರುತ್ತಿದ್ದರು. ಆ ಸಂಜೆ ಬಂದು ನೋಡಿದರೆ ಬೀಗ ಬಾಯಿ ಬಿಟ್ಟುಕೊಂಡು ಚಿಲಕದಲ್ಲಿ ನೇತಾಡುತ್ತಿತ್ತು. ಒಳಗೆ ಎಲ್ಲ ಇದ್ದಲ್ಲೇ ಇತ್ತು. ದೇವರ ಮುಂದಿನ ಬೆಳ್ಳಿಯ ಜೋಡಿ ದೀಪ ಮಾತ್ರ ಇರಲಿಲ್ಲ.

"ಅವಳು ಬಂದ್ರೆ ನಾನು ಎಂತ ಹೇಳೂದು ಮಾರಾಯ್ರೆ? ಅವಳ ಅಮ್ಮನ ಮನೆಯಿಂದ ಬಂದ ದೀಪ ಅದು," ಎನ್ನುತ್ತ ಮಾಮ ಹೊಸ್ತಿಲಲ್ಲಿ ಕುಸಿದು ಕೂತರು.

ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಗಿಲಲ್ಲಿ ನಿಂತು ದೇವರ ಗೂಡನ್ನೊಮ್ಮೆ ನೋಡಿ ಹೇಳಿದಳು: "ಅಣ್ಣಾರ, ಅಕ್ಕಾರನ್ನ ಒಂದ್ ಮಾತ್ ಕೇಳ್ರಿ. ಪೋಸ್ಟಿಗೆ ಹೋಗಿ ಊರಿಗೆ ಟ್ರಂಕ್ ಕಾಲ್ ಹಚ್ಚ್ರಿ. ಮನ್ಯಾಗಿನ ಸಾಮಾನು ಎಲ್ಲಿರ್ತಾವ ಅಂತ ಅವರಿಗೇ ಗೊತ್ತಿರತದ."

"ಅವಳು ಸುಮ್ಮನೆ ಹೆದರ್ತಾಳೆ ಅಕ್ಕ. ಅಲ್ಲಿ ತಂಗಿ ಮದುವೆ ಗಡಿಬಿಡಿ," ಎಂದರು ಮಾಮ.

ಬ್ಯಾಂಕಿನವರು ಆಗಲೇ ಬಂದು ಬೀಗವನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದರು. "ಹೆಂಗಸರನ್ನ ಯಾಕೆ ಗಾಬರಿ ಮಾಡೋದು ಅಮ್ಮಾವ್ರೇ. ನಾವಿಲ್ವಾ," ಎಂದರು.

ಈ ಮಾತು ನನ್ನ ಕಿವಿಯಲ್ಲಿ ಈಗಲೂ ಕುದಿಯುತ್ತದೆ. ಆ ಮನೆಯಲ್ಲಿ ಯಾವ ಚಮಚ ಯಾವ ಡಬ್ಬಿಯಲ್ಲಿದೆ ಎಂದು ತಿಳಿದಿದ್ದವಳು ಜಗತ್ತಿನಲ್ಲಿ ಒಬ್ಬಳೇ. ಅವಳನ್ನು ಕೇಳಲು ಬೇಕಾಗಿದ್ದದ್ದು ಪೋಸ್ಟಾಫೀಸಿನ ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂರುವ ತಾಳ್ಮೆ. ಅದರ ಬದಲು ನಮ್ಮ ಗಂಡಸರು ಕರವಸ್ತ್ರದಲ್ಲಿ ಬೀಗ ಹಿಡಿದುಕೊಂಡರು.

"ಪೊಲೀಸ್ ಚೌಕಿಗಾದ್ರೂ ಹೋಗ್ರಿ," ಎಂದಳು ಅವ್ವ.

"ಪೊಲೀಸರು ಪುಸ್ತಕದಲ್ಲೂ ಕೊನೆಗೇ ಬರೋದು ಅಮ್ಮಾವ್ರೇ," ಎಂದರು ಬ್ಯಾಂಕಿನವರು. ಮಾಮ ಕೂಡ ಸ್ವಲ್ಪ ನಕ್ಕರು.

ಅಂದಿನಿಂದ ಗ್ಯಾಲರಿಗೆ ಹಬ್ಬ. ವಾರದ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ಕೆಲಸದಿಂದ ಬಂದವರು ಕಾಲು ತೊಳೆಯುವ ಮೊದಲೇ ಹೊಸ ಸುಳಿವು ಹೇಳುತ್ತಿದ್ದರು. ಬೀಗ ಒಡೆದಿಲ್ಲ, ಹಾಗಾದರೆ ಬಲ್ಲವನೇ. ಗಡಿಯಾರ ಮುಟ್ಟಿಲ್ಲ, ಹಾಗಾದರೆ ಬೆಳ್ಳಿಯ ತೂಕ ಗೊತ್ತಿರುವವನು. ತೂಕ ಎಂಬ ಮಾತು ಬಂದದ್ದೇ ತಡ, ಬ್ಯಾಂಕಿನವರು ತೊಡೆ ತಟ್ಟಿದರು.

"ಆಹಾ. ಯಾರು ವಾರವಾರ ಈ ಗ್ಯಾಲರಿ ಹತ್ತಿ ಬರ್ತಾನೆ? ಯಾರ ಮನೆಗೆ ಬೀಗ ಬಿದ್ದಿದೆ ಅಂತ ಯಾರಿಗೆ ಗೊತ್ತು? ಚೀಲ ಹೊತ್ತುಕೊಂಡು ಹೊರಗೆ ಹೋದರೆ ಯಾರನ್ನ ಯಾರೂ ಕೇಳಲ್ಲ?"

"ಛೆ, ಅವನಾ? ಪಾಪದವ ಅಂವ," ಎಂದರು ಮಾಮ.

"ಅದಕ್ಕೇ ಅವನು," ಎಂದರು ಬ್ಯಾಂಕಿನವರು.

ಹೀಗೆ ತೀರ್ಮಾನವಾಯಿತು. ಒಬ್ಬೊಬ್ಬರಾಗಿ ಅವನೇ ಎಂದರು, ಭಾನುವಾರದ ಆಟದಲ್ಲಿ ಹೇಳುತ್ತಿದ್ದ ಹಾಗೆಯೇ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿಸಿಕೊಂಡಳು. ನಾನು ಹೊರಗೆ ಹೋಗಿ, "ಕಾಕಾ, ಅದು ಪುಸ್ತಕ. ಪುಸ್ತಕದಲ್ಲಿ ಕೊನೆಯ ಅಧ್ಯಾಯ ಬರೆದಿರುತ್ತಾರೆ. ಇದಕ್ಕೆ ಯಾರು ಬರೆದಿದ್ದಾರೆ?" ಎಂದೆ.

"ನಾವೇ ಬರೆಯೋಣ ಬಿಡಮ್ಮಾ," ಎಂದು ಅವರು ನಕ್ಕರು. ಉಳಿದವರೂ ನಕ್ಕರು. ಮಾತಿಗೆ ಮಾತು ಸಿಕ್ಕಿತು ಎಂಬ ಖುಷಿ.

ಅವನಿಗೊಂದು ಮಾತು ಮುಟ್ಟಿಸಬೇಕು ಎಂದು ಅವ್ವ ಅಪ್ಪನಿಗೆ ಹೇಳಿದಳು. ಕೋಪರಿಯಲ್ಲಿ ಎಲ್ಲಿ ಎಂದು ಹುಡುಕುವುದು? ನಮಗೆ ಅವನ ಹೆಸರೇ ಗೊತ್ತಿರಲಿಲ್ಲ. ವರ್ಷಗಟ್ಟಲೆ ಮಜ್ಜಿಗೆ ಕುಡಿದ ಮನುಷ್ಯನ ಹೆಸರನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ಭಾನುವಾರ ಅಪ್ಪ ಮನೆಯಲ್ಲಿರಲಿಲ್ಲ. ರಬಾಳೆಯ ಅವರ ಕಾರ್ಖಾನೆಗೆ ಶುಕ್ರವಾರ ರಜೆ, ಭಾನುವಾರ ಕೆಲಸ. ಅವ್ವ ಬೆಳಿಗ್ಗೆಯೇ ಹಪ್ಪಳ ಒಣಗಿಸಲು ತಾರಸಿ ಹತ್ತಿದ್ದಳು. ನಾನು ಗ್ಯಾಲರಿಯಲ್ಲಿ ನಿಂತಿದ್ದೆ. ಕೆಳಗಿನಿಂದ "ರದ್ದೀ ಪೇಪರ್" ಎಂಬ ಕೂಗು ಬಂತು. ಬ್ಯಾಂಕಿನವರು, ಮಾಮ, ಇನ್ನೂ ನಾಲ್ಕೈದು ಜನ ಮೆಟ್ಟಿಲಿಳಿದು ಹೋದರು. ಒಬ್ಬರು ಗೇಟು ಎಳೆದು ಹಾಕಿದರು. ಮೇಲಿನಿಂದ ನಾನು "ಭಾಗೋ" ಎಂದು ಕೂಗಿದೆ. ಅವನು ತಲೆಯೆತ್ತಿ ನನ್ನ ನೋಡಿ ನಕ್ಕ. ಇವತ್ತಿನ ಪುಸ್ತಕದಲ್ಲಿ ಯಾರಿಗೋ ಓಡು ಎನ್ನುತ್ತಿದ್ದೇನೆ ಎಂದುಕೊಂಡನೋ ಏನೋ.

"ಬುಧವಾರ್ ಕೋ ಕಿಧರ್ ಥಾ ತುಮ್?" ಬುಧವಾರ ಎಲ್ಲಿದ್ದೆ ಎಂದು ಕೇಳಿದರು ಬ್ಯಾಂಕಿನವರು, ಕೈ ಹಿಂದೆ ಕಟ್ಟಿಕೊಂಡು, ಅವನ ಸುತ್ತ ನಡೆಯುತ್ತ.

"ಕ್ಯಾ ಸೇಠ್, ಕಿತಾಬ್ ಕಾ ಡೈಲಾಗ್ ಮಾರ್ತಾ ಹೈ ಕ್ಯಾ?" ಪುಸ್ತಕದ ಮಾತು ಹೊಡೆಯುತ್ತಿದ್ದೀರಾ ಎಂದು ಅವನು ಇನ್ನೂ ನಗುತ್ತಲೇ ತಕ್ಕಡಿ ಬಿಚ್ಚತೊಡಗಿದ.

"ನೋಡಿ, ನಗ್ತಿದಾನೆ," ಎಂದು ಬ್ಯಾಂಕಿನವರು ಉಳಿದವರ ಕಡೆ ತಿರುಗಿದರು. "ತಪ್ಪು ಮಾಡಿದವನೇ ಹೀಗೆ ನಗೋದು."

ಅಲ್ಲಿಯವರೆಗೂ ಅದು ಆಟವಾಗಿಯೇ ಇತ್ತೇನೋ. ಮೊದಲ ಏಟು ಹೊಡೆದವರು ಯಾರೆಂದು ನಾನು ಸಾವಿರ ಸಲ ನೆನಪು ಮಾಡಿಕೊಂಡಿದ್ದೇನೆ. ಬ್ಯಾಂಕಿನವರಲ್ಲ. ಮಾಮನೂ ಅಲ್ಲ. ಹಿಂದಿನಿಂದ ಒಂದು ಕೈ ಬಂತು, ಅವನ ಟೋಪಿ ಹಾರಿ ನಲ್ಲಿಯ ನೀರಿಗೆ ಬಿತ್ತು. ಯಾರೋ "ಚೋರ್" ಎಂದರು. ಆ ಒಂದು ಶಬ್ದ ಗೇಟಿನ ಹೊರಗೆ ಕೇಳಿಸಿತು. ಓಣಿಯಲ್ಲಿ ಹೋಗುತ್ತಿದ್ದವರು, ಎದುರಿನ ಪಾನಿನ ಅಂಗಡಿಯ ಮುಂದೆ ನಿಂತಿದ್ದವರು ಗೇಟು ತಳ್ಳಿಕೊಂಡು ಒಳಗೆ ಬಂದರು. ಅವರಿಗೆ ಬೀಗ ಗೊತ್ತಿಲ್ಲ, ದೀಪ ಗೊತ್ತಿಲ್ಲ, ಪತ್ತೇದಾರಿ ಪುಸ್ತಕ ಗೊತ್ತಿಲ್ಲ. ಅವರು ಏನನ್ನೂ ಕೇಳಲಿಲ್ಲ. ಬ್ಯಾಂಕಿನವರ ಪ್ರಶ್ನೆಗಳು ಅಲ್ಲಿಗೆ ಮುಗಿದವು. ಜನ ಅವರನ್ನೇ ನೂಕಿ ಮುಂದೆ ಹೋದರು. ಅವರು ಗೋಡೆಗೆ ಒತ್ತಿಕೊಂಡು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಒಡೆಯಬಾರದೆಂದು.

ನಾನು ಮೆಟ್ಟಿಲಿಳಿದು ಹೋದೆ. ಬೆನ್ನುಗಳ ಒಂದು ಗೋಡೆ. "ಬಿಡಿ, ಅವನಲ್ಲ, ಅವನಲ್ಲ," ಎಂದು ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಕೂಗಿದೆ. ಒಬ್ಬ ತಿರುಗಿ, "ಪೋರೀ, ಬಾಜೂಲಾ ಹೋ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದ, ಮಗುವನ್ನು ಸರಿಸಿದ ಹಾಗೆ. ಅವರ ಕಾಲುಗಳ ಸಂದಿನಲ್ಲಿ ರದ್ದಿಯವನ ಮುಖ ಕಂಡಿತು. ಅವನು ನೆಲದ ಮೇಲಿದ್ದ. ಹೊಡೆಯಬೇಡಿ ಎನ್ನುತ್ತಿರಲಿಲ್ಲ. "ಕ್ಯಾ ಗಯಾ? ಬೋಲೋ ತೋ, ಕ್ಯಾ ಗಯಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಏನು ಕಳೆದಿದೆ ಎಂದು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆಗ ಪಾನಿನ ಅಂಗಡಿಯ ಕಡೆಯಿಂದ ಬಂದ ಒಬ್ಬ ಗಟ್ಟಿ ಆಳು ಅವನದೇ ಚೀಲದಿಂದ ಅತಿ ದೊಡ್ಡ ತೂಕದ ಕಲ್ಲನ್ನು ತೆಗೆದ. ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಸುತ್ತಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ತಡೆಯಲು ಸರಿದದ್ದಲ್ಲ, ಜಾಗ ಮಾಡಿಕೊಡಲು. ನಾನು ಈಗಲೂ ಎಚ್ಚರದಲ್ಲಿ, ಬಸ್ಸಿನಲ್ಲಿ, ಪಾಠ ಮಾಡುತ್ತಿರುವಾಗ ನೋಡುವುದು ಇದನ್ನೇ: ಆ ಕಲ್ಲು ಮೇಲಿದೆ, ಅದರ ಕೆಳಗೆ ಒಂದು ತಲೆ ಇದೆ.

ಅವ್ವ ಯಾವಾಗ ಇಳಿದು ಬಂದಳೋ ತಿಳಿಯದು. ಹಪ್ಪಳದ ಎಣ್ಣೆ ಹತ್ತಿದ ಕೈಗಳಿಂದ ಇಬ್ಬರನ್ನು ಸರಿಸಿ ಒಳಗೆ ಹೊಕ್ಕಳು. ಹೊಕ್ಕವಳು ಯಾರ ಕೈಯನ್ನೂ ಹಿಡಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರದ್ದಿಯವನ ತಲೆಯ ಪಕ್ಕದಲ್ಲಿ ಆ ಕೆಸರಿನಲ್ಲಿ ಕಾಲು ಮಡಚಿ ಕೂತುಬಿಟ್ಟಳು, ರೊಟ್ಟಿ ಬಡಿಯಲು ಕೂತ ಹಾಗೆ. ತಲೆಯೆತ್ತಿ ಆ ಆಳಿಗೆ ಧಾರವಾಡದ ಕನ್ನಡದಲ್ಲಿಯೇ ಹೇಳಿದಳು.

"ಹೂಂ, ಹಾಕು. ಮೊದಲ ನನ್ನ ಮ್ಯಾಲೆ ಹಾಕು. ಆಮ್ಯಾಲೆ ಇವನ ಮ್ಯಾಲೆ."

ಅವನಿಗೆ ಮಾತು ತಿಳಿಯಲಿಲ್ಲ, ಆದರೆ ಕೂತದ್ದು ತಿಳಿಯಿತು. ಯಾರೋ ಮನೆಯ ಹೆಂಗಸು. ಅವನ ತೋಳು ಸಡಿಲವಾಯಿತು. ಕಲ್ಲನ್ನು ಕೆಳಗಿಡುವಷ್ಟು ಬುದ್ಧಿಯನ್ನೂ ಅವನು ತೋರಿಸಲಿಲ್ಲ, ಕೈ ಬಿಟ್ಟ. ಅದು ತಲೆಯನ್ನು ತಪ್ಪಿಸಿ ರದ್ದಿಯವನ ಬಲಗೈಯ ಮಣಿಕಟ್ಟಿನ ಮೇಲೆ ಬಿದ್ದು ಅಲ್ಲಿಂದ ಕಲ್ಲುಹಾಸಿಗೆ ಉರುಳಿತು. ಎರಡು ಸದ್ದು. ಎರಡನೆಯದನ್ನು ನಾನು ಮಾರುಕಟ್ಟೆಯಲ್ಲಿ ಕೇಳುತ್ತೇನೆ. ಮೊದಲಿನದನ್ನು ಎಲ್ಲಿಯೂ ಕೇಳದಿರಲಿ.

ಅಂಗಳ ಖಾಲಿಯಾದ ವೇಗ ನೋಡಬೇಕಿತ್ತು. ಓಣಿಯವರು ಓಣಿಗೆ, ನಮ್ಮವರು ಮೇಲಕ್ಕೆ. ಅವ್ವ ಕೂತಲ್ಲಿಂದಲೇ ಮೆಟ್ಟಿಲ ಕಡೆ ನೋಡಿ, "ಎಲ್ಲಿಗ್ ಹೊಂಟ್ರಿ ಅಣ್ಣಾರ? ಇವನ್ನ ಎತ್ತಾಕ ಒಂದ್ ಕೈ ಹಚ್ಚ್ರಿ. ಹೊಡ್ಯಾಕ್ ಇದ್ದ ಕೈ ಎತ್ತಾಕ್ ಇಲ್ಲೇನು?" ಎಂದಳು. ಮಾಮ ಒಬ್ಬರೇ ಹಿಂದಿರುಗಿ ಬಂದರು. ಮೂವರೂ ಸೇರಿ ಅವನನ್ನು ಕುದುರೆಗಾಡಿಗೆ ಹತ್ತಿಸಿದೆವು. ಮಾಮ ಗಾಡಿ ಹತ್ತಲಿಲ್ಲ, ಅವ್ವ ಮತ್ತು ನಾನೇ ಅವನ ಜೊತೆ ಹೋದೆವು. ದವಾಖಾನೆಯಲ್ಲಿ ಹೆಸರು ಕೇಳಿದರು. ಅವನು ತಾನೇ ಹೇಳಿಕೊಂಡ. ಅಲ್ಲಿಯೇ ನಾವು ಅದನ್ನು ಮೊದಲ ಸಲ ಕೇಳಿದ್ದು.

ಜೂನ್ ಮೊದಲ ವಾರ ಹೆಂಗಸರು ಮರಳಿದರು. ಹೋಟೆಲಿನ ಮಾಮಿ ಟ್ರಂಕು ಇಳಿಸಿ, ಕಾಲು ತೊಳೆದು, ಮೊದಲು ತೆಗೆದದ್ದು ಹಳೆಯ ಸೀರೆಯಲ್ಲಿ ಸುತ್ತಿದ ಜೋಡಿ ದೀಪ. ಉಜ್ಜಿ ದೇವರ ಗೂಡಿನಲ್ಲಿ ಇಟ್ಟರು. ಸಂಜೆ ಹಲಸಿನ ಹಪ್ಪಳ ಕೊಡಲು ನಮ್ಮ ಮನೆಗೆ ಬಂದಾಗ ಅವ್ವ ಎಲ್ಲವನ್ನೂ ಹೇಳಿದಳು. ಮಾಮಿ ಹಪ್ಪಳದ ಕಟ್ಟು ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿ ನಿಂತರು.

"ತಂಗಿ ಮದುವೆಗೆ ನಾನೇ ತಗೊಂಡು ಹೋದದ್ದಲ್ವಾ ಅಕ್ಕ. ಇವರಿಗೆ ಹೇಳಿಯೇ ಹೋದದ್ದು. ಇವರು ಆ ಪುಸ್ತಕ ಓದ್ತಾ 'ಹ್ಞೂಂ' ಅಂದ್ರು. ದೇವರ ಗೂಡಿನ ಕಡೆ ಇವರು ತಿರುಗಿಯೂ ನೋಡೂದಿಲ್ಲ."

"ಮತ್ತ ಬೀಗ?"

"ಅದು ಹಳೇ ಬೀಗ. ಒತ್ತಿ ಆದ ಮೇಲೆ ಒಂದು ಸಲ ಎಳೆದು ನೋಡ್ಬೇಕು. ಇಲ್ಲದಿದ್ರೆ ಬಾಯಿ ಬಿಡ್ತದೆ. ದಿನಾ ನಾನೇ ಹಾಕೂದು, ಇವರಿಗೆ ಎಂತ ಗೊತ್ತುಂಟು?"

ಅಷ್ಟೇ. ಕಳ್ಳನೂ ಇಲ್ಲ, ಕಳವೂ ಇಲ್ಲ. ಒಂದು ಟ್ರಂಕ್ ಕಾಲಿನಲ್ಲಿ ಮುಗಿಯಬೇಕಾದ ಮಾತು.

ಕೋಪರಿಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬನ್ನಿ ಎಂದು ಅವ್ವ ಮಾಮನಿಗೂ ಬ್ಯಾಂಕಿನವರಿಗೂ ಹೇಳಿದಳು. ಮಾಮ ತಲೆ ತಗ್ಗಿಸಿದರು. ಬ್ಯಾಂಕಿನವರು, "ಹೊಡೆದದ್ದು ನಾವಲ್ಲವಲ್ಲ ಅಮ್ಮಾವ್ರೇ, ಓಣಿಯವರು. ನಾವು ಬರೀ ವಿಚಾರಣೆ ಮಾಡಿದ್ವಿ," ಎಂದರು. ಎರಡು ದಿನ ಕಾದು ಅವ್ವ ನನ್ನನ್ನು ಕರೆದುಕೊಂಡು ತಾನೇ ಹೊರಟಳು. ಠಾಣೆಯಲ್ಲಿ ಇಳಿದು, ಪೂರ್ವಕ್ಕೆ ದಾಟಿ, ದವಾಖಾನೆಯಲ್ಲಿ ಕೇಳಿದ ಹೆಸರು ಹಿಡಿದು ವಿಚಾರಿಸುತ್ತ ಹೋದೆವು. ಒಂದು ತಗಡಿನ ಮರೆಯ ಕೆಳಗೆ ಅವನು ಕೂತಿದ್ದ. ಬಲಗೈಗೆ ಪ್ಲಾಸ್ಟರ್. ತಕ್ಕಡಿ ಮೊಳೆಗೆ ನೇತುಬಿದ್ದಿತ್ತು. ಅವನ ಹೆಂಡತಿ ಕಾಗದದ ಕಟ್ಟು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಅವಳು ಎದ್ದು ಅವನ ಮುಂದೆ ಬಂದು ನಿಂತಳು. ಅವಳ ಕಣ್ಣಿಗೆ ನಾವು ಆ ಅಂಗಳದಿಂದ ಬಂದವರು. ಅದು ಸುಳ್ಳೂ ಅಲ್ಲ.

ಅವ್ವ ತನ್ನ ಮುರುಕು ಹಿಂದಿಯಲ್ಲಿ ದೀಪ ಸಿಕ್ಕಿತು, ಕಳವೇ ಆಗಿರಲಿಲ್ಲ, ನಿನ್ನದೇನೂ ತಪ್ಪಿಲ್ಲ ಎಂದು ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮೇರೇ ಕೋ ಕಾಯ್ಕೋ ಬೋಲ್ತಾ ಹೈ ಬಾಯಿ?" ಎಂದ. "ಮೇರೇ ಕೋ ತೋ ಮಾಲೂಮ್ ಥಾ. ಉಧರ್ ಜಾಕೆ ಬೋಲೋ."

ತಾನು ಕದ್ದಿಲ್ಲ ಎಂದು ತನಗೆ ಗೊತ್ತೇ ಇತ್ತು, ಅದನ್ನು ತನಗೆ ಹೇಳಿ ಏನು, ಅಲ್ಲಿ ಹೋಗಿ ಹೇಳಿ ಎಂದು. ಕೈ ಹೇಗಿದೆ ಎಂದು ಅವ್ವ ಕೇಳಿದಳು. ತಕ್ಕಡಿ ಇನ್ನು ಏಳುವುದಿಲ್ಲ ಎಂದಿದ್ದಾರಂತೆ ಡಾಕ್ಟರು. ಅದನ್ನು ಅವನ ಹೆಂಡತಿ ಹೇಳಿದಳು, ನಮ್ಮ ಮುಖ ನೋಡದೆ. ಹಿಂದಿರುಗುವ ಲೋಕಲ್ಲಿನಲ್ಲಿ ಮುಂಬ್ರಾದ ಸುರಂಗ ದಾಟಿದೆವು. ಆಮೇಲೆ ಅವ್ವ ಹೇಳಿದ್ದು ಒಂದೇ ಮಾತು: "ಖರೇ ಹೇಳ್ಯಾನ."

ಅಷ್ಟರಲ್ಲಿ ಬ್ಯಾಂಕಿನವರು ಕಲ್ಯಾಣದಲ್ಲಿ ಇನ್ನೊಬ್ಬ ರದ್ದಿಯವನನ್ನು ಹುಡುಕಿ ಹೊಸ ಕಟ್ಟು ತಂದಿದ್ದರು. ಬ್ಲೇಡಿನಿಂದ ಕೊಯ್ದ ಕೊನೆಯ ಅಧ್ಯಾಯವನ್ನು ಏನೂ ಆಗಿಲ್ಲ ಎಂಬ ಹಾಗೆ ಅವ್ವನ ಕೈಯಲ್ಲಿಟ್ಟರು. ಅವ್ವ ಅದನ್ನು ಡಬ್ಬಿಗೆ ಹಾಕಿದಳು. ಭಾನುವಾರ ಬಂತು. ಚಾಪೆ ಬಿತ್ತು. ಹೆಂಗಸರು, ಮಕ್ಕಳು ಎಲ್ಲ ಊರಿಂದ ಬಂದಿದ್ದರಿಂದ ಗ್ಯಾಲರಿ ತುಂಬಿತ್ತು. ಹೋಟೆಲಿನ ಮಾಮ ಮಾತ್ರ ತಮ್ಮ ಬಾಗಿಲು ಮುಂದೆ ಮಾಡಿಕೊಂಡು ಒಳಗಿದ್ದರು.

ನಾನು ಹಾಳೆಗಳನ್ನು ಹಿಡಿದು ಗ್ಯಾಲರಿಯ ಅಂಚಿನ ಕಠಡೆಯ ಹತ್ತಿರ ನಿಂತೆ. ಕೂತವರ ಕಡೆಗಲ್ಲ, ಅಂಗಳದ ಕಡೆ ತಿರುಗಿದೆ. ಕೆಳಗಿನ ಮನೆಗಳಿಗೂ, ಗೇಟಿನಾಚೆ ಪಾನಿನ ಅಂಗಡಿಗೂ ಕೇಳಲಿ ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ. ಆ ರದ್ದಿಯವನ ಹೆಸರನ್ನು ಪೂರ್ತಿ ಹೇಳಿದೆ. ಅವನು ಕದ್ದಿಲ್ಲ, ಈ ಕಟ್ಟಡದಲ್ಲಿ ಕಳವೇ ಆಗಿಲ್ಲ, ದೀಪಗಳು ಮನೆಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು, ಮುರಿದದ್ದು ಅವನ ಬಲಗೈ ಎಂದೆ. ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದೆ. ಕೆಳಗೆ ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಬಿಂದಿಗೆ ಕೆಳಗಿಟ್ಟು ಮೇಲೆ ನೋಡಿದರು. ಪಕ್ಕದ ಬಾಗಿಲು ತೆರೆಯಿತು. ಮಾಮಿ ಬಂದು ಆ ಜೋಡಿ ದೀಪವನ್ನು ಕಠಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು.

ನನ್ನ ಬೆನ್ನ ಹಿಂದೆ ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡರು.

"ಆಯ್ತಮ್ಮಾ, ಹೇಳಿದ್ಯಲ್ಲ. ಒಳ್ಳೇದೇ ಆಯ್ತು. ಈಗ ಕೂತ್ಕೊ. ಎಲ್ಲರೂ ಕಾಯ್ತಿದಾರೆ. ಮೊದಲು ನನ್ನದು ಕೇಳ್ಕೊ, ನನಗನಿಸೋ ಪ್ರಕಾರ ಈ ಸಲ..."

ನಾನು ಅವರನ್ನು ಮುಗಿಸಲು ಬಿಡಲಿಲ್ಲ. ಕೊನೆಯ ಹಾಳೆ ತಿರುವಿ, ಕೊಲೆಗಾರ ಸಿಕ್ಕಿಬೀಳುವ ಸಾಲನ್ನು ಹುಡುಕಿ, ಹೆಸರಿನ ಸಮೇತ ಗಟ್ಟಿಯಾಗಿ ಓದಿಬಿಟ್ಟೆ. ಇನ್ನೂ ಯಾರೊಬ್ಬರೂ ತಮ್ಮ ಊಹೆ ಹೇಳಿರಲಿಲ್ಲ. ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟೆ. ಬಿಳಿ ಪಂಚೆಗೆ ಜೋಳದ ಹಿಟ್ಟು ಉದುರಿತು.

ಆಗ ಎದ್ದ ಗದ್ದಲವನ್ನು ನಾನು ಮರೆತಿಲ್ಲ. ಇಡೀ ವಾರ ಓದಿದ್ದು ಹಾಳಾಯಿತು ಎಂದರು. ಇಷ್ಟೂ ತಿಳಿವಳಿಕೆ ಬೇಡವೇ, ಕಾಲೇಜು ಕಲಿತ ಹುಡುಗಿ ಎಂದರು. ಹಿರಿಯರೆಂಬ ಮರ್ಯಾದೆಯಿಲ್ಲ ಎಂದು ಒಬ್ಬರು ನಿಜವಾಗಿಯೂ ಎದ್ದು ಹೋಗಿ ಅವ್ವನಿಗೆ ದೂರು ಹೇಳಿದರು. ಬ್ಯಾಂಕಿನವರ ಮುಖ ಕೆಂಪಗಾಗಿತ್ತು, ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಆ ಜನರಿಗೆ ನೋವಾದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಮೂರು ವಾರದ ಹಿಂದೆ, ಅದೇ ಗ್ಯಾಲರಿಯ ಕೆಳಗೆ, ಒಬ್ಬನ ಮಣಿಕಟ್ಟು ಮುರಿದ ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದಾಗ ಅವರ ಮುಖದಲ್ಲಿ ಇದರ ಕಾಲು ಭಾಗವೂ ಇರಲಿಲ್ಲ.

ಅವ್ವ ದೂರು ಹೇಳಿದವರನ್ನು ಒಮ್ಮೆ ನೋಡಿ ಒಳಗೆ ಹೋದಳು. ಜೋಳದ ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ ತಳ ತಟ್ಟಿ, ಹಿಟ್ಟನ್ನೆಲ್ಲ ನಾದುವ ಪರಾತಕ್ಕೆ ಸುರಿದು, ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆಯಲು ಕೂತಳು. ಇನ್ನು ಅದರಲ್ಲಿ ಯಾರದೂ ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಆಮೇಲೆ ಗ್ಯಾಲರಿಗೆ ಬಂದು ಹೇಳಿದಳು. ಆ ಹೊತ್ತಿಗೆ ಅವರು ಮುಂದಿನ ಪುಸ್ತಕ ಬಿಚ್ಚಿದ್ದರು, ಕೊನೆಯ ಅಧ್ಯಾಯವನ್ನು ಯಾರ ಮನೆಯಲ್ಲಿ ಇಡುವುದು ಎಂದು ಮಾತಾಡುತ್ತಿದ್ದರು.